ಅರಮನೆಯಲ್ಲಿ ಕಾಗದ, ಮನೆಯಲ್ಲಿ ಗಾಜು

ಚಾರ್ಮಿನಾರ್‌ನಿಂದ ಲಾಡ್ ಬಜಾರಿಗೆ ಇಳಿದು, ಅರಗಿನ ಬಳೆಗಳ ಅಂಗಡಿಸಾಲು ದಾಟಿ ಸ್ವಲ್ಪ ನಡೆದರೆ ಖಿಲ್ವತ್ ಪ್ರದೇಶ. ಬಳೆಯ ಚೌಕಾಸಿ, ಆಟೋಗಳ ಹಾರ್ನು ಹಿಂದೆ ಉಳಿದು, ಬಾಗಿಲು ದಾಟುತ್ತಿದ್ದಂತೆ ಕೊಳದ ನೀರು, ಅದರಾಚೆ ಸಾಲುಗಮಾನು. ಹೈದರಾಬಾದಿನ ನಿಜಾಮರು ದರ್ಬಾರು ನಡೆಸಿದ ಚೌಮಹಲ್ಲಾ ಅರಮನೆ ಇದು. 1750ರ ಸುಮಾರಿಗೆ ಸಲಾಬತ್ ಜಂಗ್ ಶುರುಮಾಡಿದ ಕಟ್ಟಡದ ಕೆಲಸ ಮುಗಿದದ್ದು ನೂರು ವರ್ಷದ ಮೇಲೆ, ಐದನೇ ನಿಜಾಮ ಅಫ್ಜಲುದ್ದೌಲನ ಕಾಲಕ್ಕೆ.

ದರ್ಬಾರು ಹಾಲಿಗೆ ಕಾಲಿಟ್ಟವರು ಮೊದಲು ಕತ್ತೆತ್ತಿ ನೋಡುವುದು 19 ಬೆಲ್ಜಿಯಂ ತೂಗುದೀಪಗಳನ್ನು. ನೋಡಲೇಬೇಕಾದವೇ. ಆದರೆ ಈ ಅರಮನೆಯಲ್ಲಿ ಜನ ಹೇಗೆ ಕೂತರು, ಏನು ಉಟ್ಟರು, ಯಾರ ಪಕ್ಕದಲ್ಲಿ ಯಾರು ನಿಂತರು ಎಂಬುದನ್ನು ತೂಗುದೀಪ ಹೇಳುವುದಿಲ್ಲ. ಅದನ್ನು ಹೇಳುವುದು ಇಲ್ಲಿನ ಛಾಯಾಚಿತ್ರ ಸಂಗ್ರಹ. ಆ ಸಂಗ್ರಹದ ಬಗ್ಗೆ ಮಾತಾಡಿದರೆ ಒಂದು ಕುಟುಂಬದ ಹೆಸರು ಬಂದೇ ಬರುತ್ತದೆ: ರಾಜಾ ದೀನ್ ದಯಾಳ್ ಅಂಡ್ ಸನ್ಸ್.

ಮೀರತ್ ಬಳಿಯ ಸರ್ಧಾನಾದಲ್ಲಿ 1844ರಲ್ಲಿ ಹುಟ್ಟಿದ ಲಾಲಾ ದೀನ್ ದಯಾಳ್ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ಕ್ಯಾಮೆರಾ ಹವ್ಯಾಸವಾಗಿ ಬಂದು ಕಸುಬಾಯಿತು. ಇಂದೋರಿನ ಹೋಳ್ಕರ್ ಮಹಾರಾಜರ ಆಶ್ರಯ ಸಿಕ್ಕಿತು. 1880ರ ದಶಕದಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ಆರನೇ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್ ದೀನ್ ದಯಾಳರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡು, ಮುಂದೆ 'ರಾಜಾ' ಪದವಿಯನ್ನೂ 'ಮುಸವ್ವಿರ್ ಜಂಗ್' ಎಂಬ ಬಿರುದನ್ನೂ ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರಕಾರ.

ಮಕ್ಕಳಾದ ಜ್ಞಾನ್ ಚಂದ್, ಧರಮ್ ಚಂದ್ ಅಪ್ಪನ ಕೈಕೆಳಗೇ ಕಸುಬು ಕಲಿತರು. ದರ್ಬಾರು, ಫಲಕ್‌ನುಮಾ ಅರಮನೆಯ ಔತಣ, ಸೇನೆಯ ಕವಾಯತು, ಹುಲಿ ಬೇಟೆ ಎಲ್ಲಕ್ಕೂ ಇವರ ಕ್ಯಾಮೆರಾ ಹಾಜರು. 1902ರಲ್ಲಿ ವೈಸ್‌ರಾಯ್ ಕರ್ಜನ್ ದಂಪತಿ ಸತ್ತ ಹುಲಿಯ ಹಿಂದೆ ನಿಂತ ಪ್ರಸಿದ್ಧ ಚಿತ್ರ ಇವರದೇ. ಗೋಷೆಯ ಹೆಂಗಸರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೊವನ್ನೇ ತೆರೆದರು. ಎತ್ತರದ ಗೋಡೆ, ಗಂಡಸರಿಗೆ ಪ್ರವೇಶವಿಲ್ಲ. ಕ್ಯಾಮೆರಾ ಹಿಡಿಯುತ್ತಿದ್ದವರು ಕೆನಿ-ಲೆವಿಕ್ ಎಂಬ ಯುರೋಪಿಯನ್ ಮಹಿಳೆ.

ಈ ಸ್ಟುಡಿಯೊದ ಹಳೆಯ ಚಿತ್ರವೊಂದು ಕಣ್ಣಿಗೆ ಬಿದ್ದರೆ ಮುಖಗಳ ಜೊತೆಗೆ ಮೂಲೆಯನ್ನೂ ನೋಡಿ. ಅನೇಕ ಚಿತ್ರಗಳ ಅಂಚಿನಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ನೆಗೆಟಿವ್‌ನ ಸಂಖ್ಯೆ. ತೆಗೆದ ಪ್ರತಿ ಗಾಜಿನ ತಟ್ಟೆಗೂ ದೀನ್ ದಯಾಳ್ ನಂಬರು ಕೊಟ್ಟು ಲೆಕ್ಕ ಇಡುತ್ತಿದ್ದರು. ಗಾಜಿನ ಮೇಲೆ ಬರೆದದ್ದು ಕಾಗದದ ಮೇಲೂ ಮೂಡುತ್ತಿತ್ತು. ಇಂದು ಯಾವ ಚಿತ್ರದ ಮೂಲ ಯಾವುದು ಎಂದು ಹುಡುಕುವವರಿಗೆ ಆ ಅಂಗಡಿ ಲೆಕ್ಕವೇ ದಾರಿದೀಪ.

ಅರಸರಿಗೆ ಸಂದಾಯವಾದದ್ದು ಕಾಗದದ ಪ್ರತಿ, ಚರ್ಮದ ಹೊದಿಕೆಯ ಆಲ್ಬಮ್. ಗಾಜು ಸ್ಟುಡಿಯೊದಲ್ಲೇ ಉಳಿಯಿತು. 1904ರಲ್ಲಿ ಧರಮ್ ಚಂದ್, 1905ರಲ್ಲಿ ದೀನ್ ದಯಾಳ್ ತೀರಿಕೊಂಡರು. ಕಸುಬು ಇಳಿಮುಖವಾಯಿತು, 1948ರಲ್ಲಿ ನಿಜಾಮರ ಆಳ್ವಿಕೆಯೂ ಮುಗಿಯಿತು. ಗಾಜಿನ ತಟ್ಟೆಗಳನ್ನು ಮಾತ್ರ ವಂಶಸ್ಥರು ತಲೆಮಾರುಗಳ ಕಾಲ ಕಾದುಕೊಂಡರು. 1989ರಲ್ಲಿ 2,857 ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಸೇರಿದವು. ಇತ್ತ ಬೀಗ ಬಿದ್ದು ಹಾಳಾಗುತ್ತಿದ್ದ ಚೌಮಹಲ್ಲಾವನ್ನು ನಿಜಾಮರ ಮನೆತನದ ರಾಜಕುಮಾರಿ ಎಸ್ರಾ ಮುಂದೆ ನಿಂತು ದುರಸ್ತಿ ಮಾಡಿಸಿದರು. 2005ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. 2010ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಯೂ ಬಂತು.

ಕಾಗದಕ್ಕೂ ಗಾಜಿಗೂ ಆರೈಕೆ ಬೇರೆ ಬೇರೆ. ಆಗಿನ ಬಹುಪಾಲು ಪ್ರತಿಗಳು ಮೊಟ್ಟೆಯ ಬಿಳಿಭಾಗ ಲೇಪಿಸಿದ ಕಾಗದದ ಮೇಲೆ ಮೂಡಿದವು. ಬೆಳಕು, ತೇವ ತಗುಲಿದರೆ ಹಳದಿಗಟ್ಟಿ ಮಂಕಾಗುತ್ತವೆ. ಗಾಜಿಗೆ ಒಡೆಯುವ ಭಯ ಒಂದೇ ಅಲ್ಲ. ಅದರ ಮೇಲಿನ ಜೆಲಟಿನ್ ಪದರ ತೇವಕ್ಕೆ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ, ಗಾಜನ್ನು ಬಿಟ್ಟು ಏಳುತ್ತದೆ. ಹಾಗಾಗಿ ಒಂದೊಂದು ತಟ್ಟೆಯನ್ನೂ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಒಂದರ ಮೇಲೊಂದು ಹೇರದೆ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಕೈಗವಸು ತೊಟ್ಟು, ಅಂಚು ಹಿಡಿದೇ ಎತ್ತಬೇಕು. ಒಮ್ಮೆ ಸ್ಕ್ಯಾನ್ ಮಾಡಿಟ್ಟರೆ ಮೂಲವನ್ನು ಪದೇ ಪದೇ ಮುಟ್ಟುವ ಪ್ರಮೇಯ ತಪ್ಪುತ್ತದೆ.

ಕನ್ನಡಿಗರಿಗೆ ಇದು ಪರರಾಜ್ಯದ ಕಥೆಯಲ್ಲ. ಕಲಬುರಗಿ, ಬೀದರ್, ರಾಯಚೂರು ಇದೇ ದರ್ಬಾರಿನ ಆಳ್ವಿಕೆಯಲ್ಲಿದ್ದ ಊರುಗಳು. ನಮ್ಮ ಅಜ್ಜಂದಿರ ಕಂದಾಯ ಬಂದು ಸೇರಿದ್ದೂ ಇಲ್ಲಿಗೇ. ಆ ಭಾಗದ ಹಳೆಯ ವಾಡೆ, ಮನೆಗಳ ಟ್ರಂಕಿನಲ್ಲಿ ರಟ್ಟಿಗೆ ಅಂಟಿಸಿದ ಫೋಟೊಗಳು ಇನ್ನೂ ಇದ್ದಾವು. ಸಿಕ್ಕರೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೊಟೇಪ್ ಹಚ್ಚಬೇಡಿ. ರಟ್ಟಿನ ಮೇಲಿನ ಸ್ಟುಡಿಯೊ ಹೆಸರನ್ನು ಕತ್ತರಿಸಿ ಹಾಕಬೇಡಿ. ಫೋಟೊದಲ್ಲಿರುವವರು ಯಾರೆಂದು ಬಲ್ಲ ಹಿರಿಯರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಬರೆದಿಡಿ. ಹೆಸರಿಲ್ಲದ ಮುಖವನ್ನು ಮೂರನೇ ತಲೆಮಾರು ಗುರುತಿಸಲಾರದು.

ಕಲಬುರಗಿಯಿಂದ ಹೈದರಾಬಾದಿಗೆ ರೈಲಿನಲ್ಲಿ ನಾಲ್ಕೈದು ತಾಸು. ಅರಮನೆ ನೋಡಲು ಅರ್ಧ ದಿನವಾದರೂ ಇಟ್ಟುಕೊಳ್ಳಿ. ಶುಕ್ರವಾರ ಮಾತ್ರ ಹೋಗಬೇಡಿ, ಅಂದು ರಜೆ.