ಮೆಸ್ ಬಿಲ್ಲು ಮತ್ತು ಶೇಂಗಾ ಎಣ್ಣೆ

"ಅಪ್ಪಾ, ಹಾಸ್ಟೆಲ್‌ನಲ್ಲಿ ಮೆಸ್ ಬಿಲ್ ತಿಂಗಳಿಗೆ ಆರ್ನೂರು ಏರಿಸಿದಾರೆ. ನಾಳೆಯಿಂದ ಕ್ಲಾಸ್ ಬಿಟ್ಟು ಗೇಟ್ ಮುಂದೆ ಕೂರ್ತೀವಿ. ನಾನೂ ಸೇರ್ಲಾ?"

ಮಗನ ಫೋನು ಬಂದಾಗ ಹೊಲದಲ್ಲಿ ಶೇಂಗಾ ಬಿಡಿಸ್ತಾ ಕೂತಿದ್ದೆ. ಸಾಲ ಮಾಡಿ ಓದಿಸೋನ ಬಾಯಿಗೆ ಮೊದಲು ಬರೋದು 'ಬೇಡ' ಅನ್ನೋ ಮಾತೇ. ತಡೆದುಕೊಂಡೆ. ರಾತ್ರಿ ಹೇಳ್ತೀನಿ ಅಂದೆ.

ಮೆಸ್ ಬಿಲ್ಲು ಸಣ್ಣ ವಿಷಯ ಅಲ್ಲ. ಗುಜರಾತಿನ ಕತೆ ನಮ್ಮೂರಿನ ಹಿರಿಯರೊಬ್ಬರು ಹೇಳ್ತಿದ್ರು. 1972ರ ಬರದ ನಂತರ ಅಲ್ಲಿ ಕಾಳುಕಡಿ, ಎಣ್ಣೆ ಎಲ್ಲಾ ತುಟ್ಟಿ. 1973ರ ಡಿಸೆಂಬರ್ 20ರಂದು ಅಹಮದಾಬಾದಿನ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಎದ್ದರು. ಕಾರಣ, ಮೆಸ್ ಬಿಲ್ಲು ನೂರಕ್ಕೆ 20ರಂತೆ ಏರಿದ್ದು. ಜನವರಿಯಲ್ಲಿ ಗುಜರಾತ್ ವಿಶ್ವವಿದ್ಯಾಲಯಕ್ಕೂ ಹಬ್ಬಿತು. ಮೇಷ್ಟ್ರುಗಳು, ವಕೀಲರು, ಕಾರ್ಮಿಕರು ಜೊತೆಯಾದರು. ಅದೇ ನವನಿರ್ಮಾಣ ಚಳವಳಿ. ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರು ಎಣ್ಣೆ ವ್ಯಾಪಾರಿಗಳ ಜೊತೆ ಶಾಮೀಲು ಅನ್ನೋದು ಚಳವಳಿಗಾರರ ಆರೋಪ. 1974ರ ಫೆಬ್ರವರಿ 9ಕ್ಕೆ ಅವರು ರಾಜೀನಾಮೆ ಕೊಟ್ಟರು. ಮಾರ್ಚ್‌ನಲ್ಲಿ ವಿಧಾನಸಭೆಯೇ ವಿಸರ್ಜನೆ ಆಯಿತು. ಅಷ್ಟರಲ್ಲಿ ಗೋಲಿಬಾರು, ಗಲಭೆಯಲ್ಲಿ ನೂರರ ಆಸುಪಾಸು ಜನ ಸತ್ತಿದ್ದರು. ಹೆತ್ತವನಿಗೆ ಹೆದರಿಕೆ ಇರೋದೂ ಅಲ್ಲೇ. (ಅದೇ ಚಿಮನ್‌ಭಾಯಿ 1990ರಲ್ಲಿ ಮತ್ತೆ ಮುಖ್ಯಮಂತ್ರಿ ಆದರು, ಅದು ಬೇರೆ ಮಾತು.)

ನನಗೆ ಚುಚ್ಚಿದ್ದು ಇನ್ನೊಂದು. ಗುಜರಾತಿನ ಸೌರಾಷ್ಟ್ರ ಅಂದ್ರೆ ನಮ್ಮ ಚಳ್ಳಕೆರೆ ಥರ ಶೇಂಗಾ ಸೀಮೆ. ಎಣ್ಣೆ ತುಟ್ಟಿ ಅಂತ ಹುಡುಗರು ಬೀದಿಗೆ ಬಂದರು, ಸರಿ. ಶೇಂಗಾ ಬೆಳೆದೋನ ಮಾತು ಯಾರು ಎತ್ತಬೇಕು? ಸುಗ್ಗೀಲಿ ಸಾಲಗಾರರು ಬಾಗಿಲಿಗೆ ಬಂದಾಗ ನಾವು ಸಿಕ್ಕ ರೇಟಿಗೆ ಕೊಟ್ಟುಬಿಡ್ತೀವಿ. ಬೆಲೆ ಏರೋದು ಮಾಲು ಗೋಡೌನ್ ಸೇರಿದ ಮೇಲೆ. ಮಗ ಅಗ್ಗದ ಊಟ ಕೇಳ್ತಾನೆ, ನಾನು ಶೇಂಗಾಕ್ಕೆ ಒಳ್ಳೆ ರೇಟು ಕೇಳ್ತೀನಿ. ಒಂದೇ ಮನೇಲಿ ಎರಡು ಕೂಗು!

ರಾತ್ರಿ ಹೇಳಿದೆ: "ಸೇರಪ್ಪ. ಕಲ್ಲು ಮುಟ್ಟಬೇಡ. ಬಿಲ್ ಇಳಿಸಿ ಅಂತ ಕೂಗೋಕೆ ಮುಂಚೆ ಖರೀದಿ ಪುಸ್ತಕ ಕೇಳ್ರಿ. ಎಣ್ಣೆ ಡಬ್ಬ ಎಣಿಸ್ರಿ."

ಮೂರು ದಿನ ಕೂತರು. ಹಾಜರಿ ಹೋಯಿತು. ನಾಲ್ಕನೇ ದಿನ ಪುಸ್ತಕ ಕೈಗೆ ಬಂತು. ಬಿಲ್ಲಿನಲ್ಲಿ 15 ಕಿಲೋದ ಎಂಟು ಡಬ್ಬ, ಉಗ್ರಾಣಕ್ಕೆ ಬಂದಿದ್ದು ಆರು. ಆರ್ನೂರು ಏರಿಸಿದ್ದು ಇನ್ನೂರಕ್ಕೆ ಇಳಿಯಿತು. ಖರೀದಿಗೆ ಹೋಗುವಾಗ ಈಗ ಇಬ್ಬರು ಹುಡುಗರು ಜೊತೆಗೆ ಹೋಗ್ತಾರೆ, ಅದರಲ್ಲಿ ನಮ್ಮೋನೂ ಒಬ್ಬ.

ಮೊನ್ನೆ ಮತ್ತೆ ಫೋನು. "ಅಪ್ಪಾ, ಒಂದು ಕ್ವಿಂಟಾಲ್ ಶೇಂಗಾಕ್ಕೆ ಎಣ್ಣೆ ಎಷ್ಟು ಬರುತ್ತೆ?" ಒಡೆದರೆ 70 ಕಿಲೋ ಬೀಜ, ಗಾಣಕ್ಕೆ ಹಾಕಿಸಿದರೆ 28ರಿಂದ 30 ಕಿಲೋ ಎಣ್ಣೆ, ಹಿಂಡಿ ಬೇರೆ ಅಂದೆ. "ನಮ್ಮ ಮೆಸ್ಸಿಗೇ ಕೊಡ್ತೀಯಾ, ಕೇಳ್ಲಾ?" ಅಂದ. ಎಂಟು ಚೀಲ ಇನ್ನೂ ಮಾರದೆ ಇಟ್ಕೊಂಡು ಕೂತಿದೀನಿ.