ಮೋಟಾರು ಅಪಘಾತದ ಪರಿಹಾರಧನ ಮತ್ತು ಮೇಲ್ಮನವಿಯ ಅಧಿಕಾರ

ಮೋಟಾರು ವಾಹನದಿಂದ ಗಾಯಗೊಂಡವನಿಗೆ ಇಷ್ಟು ರೂಪಾಯಿ ಸಲ್ಲತಕ್ಕದ್ದೆಂದು ಒಂದು ನ್ಯಾಯಸ್ಥಾನವು ತೀರ್ಮಾನಿಸಿದ ಮೇಲೆ, ಆ ಮೊತ್ತವನ್ನು ಮೇಲಿನ ನ್ಯಾಯಸ್ಥಾನವು ಎಷ್ಟರಮಟ್ಟಿಗೆ ತಿದ್ದಬಹುದು? ಇದು ವಕೀಲರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರೀತು. ಆದರೆ ದುಡಿಯುವವನ ಕೈಕಾಲುಗಳಿಗೆ ಕಾನೂನು ಕಟ್ಟಿದ ಬೆಲೆ ಕಾಲಕಾಲಕ್ಕೆ ಹೇಗೆ ಬದಲಾಯಿತೆಂಬುದು ಇದರಲ್ಲಿಯೇ ಅಡಗಿರುವುದರಿಂದ, ಇತಿಹಾಸದ ವಿದ್ಯಾರ್ಥಿಗಳೂ ಇದನ್ನು ಕಡೆಗಣಿಸುವಂತಿಲ್ಲ.

1956ಕ್ಕೆ ಮುಂಚೆ ಗಾಯಾಳುವಿಗೆ ಸಾಮಾನ್ಯ ಸಿವಿಲ್ ದಾವೆಯೇ ದಾರಿಯಾಗಿತ್ತು. ನ್ಯಾಯಶುಲ್ಕ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಆ ವರ್ಷದ ತಿದ್ದುಪಡಿಯಿಂದ 1939ರ ಮೋಟಾರು ವಾಹನಗಳ ಅಧಿನಿಯಮಕ್ಕೆ 110-ಎ ಮೊದಲಾದ ಕಲಮುಗಳು ಸೇರಿ, ಪರಿಹಾರ ನ್ಯಾಯಮಂಡಳಿಗಳು ಹುಟ್ಟಿದುವು. 110-ಡಿ ಕಲಮಿನ ಪ್ರಕಾರ ತೊಂಬತ್ತು ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿತ್ತು. ವಿವಾದದ ಮೊತ್ತವು 2,000 ರೂಪಾಯಿಗೆ ಕಡಮೆಯಾದರೆ ಆ ಅವಕಾಶವಿರಲಿಲ್ಲ.

ಮೇಲ್ಮನವಿಯ ಹಕ್ಕೇನೋ ದೊರೆಯಿತು. ಅದರ ವ್ಯಾಪ್ತಿ ಮಾತ್ರ ಕಿರಿದಾಗಿತ್ತು. ಕೆನಡಾದಿಂದ ಬಂದ ಮೊಕದ್ದಮೆಯೊಂದರಲ್ಲಿ 1951ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಒಂದು ಸೂತ್ರವನ್ನು ನಿರೂಪಿಸಿತ್ತು: ತಾವಾಗಿದ್ದರೆ ಬೇರೆ ಮೊತ್ತವನ್ನು ಕೊಡುತ್ತಿದ್ದೆವೆಂಬ ಕಾರಣಕ್ಕಾಗಿ ಮೇಲಿನ ನ್ಯಾಯಾಧೀಶರು ಕೆಳಗಿನವರ ಅಂದಾಜನ್ನು ಕದಲಿಸಕೂಡದು, ತಪ್ಪು ತತ್ತ್ವವನ್ನು ಅನುಸರಿಸಿದ್ದರೆ, ಅಥವಾ ಮೊತ್ತವು ತೀರ ಅಸಂಗತವೆನ್ನುವಷ್ಟು ಹೆಚ್ಚು ಇಲ್ಲವೆ ಕಡಮೆಯಾಗಿದ್ದರೆ ಮಾತ್ರ ಕೈಹಾಕಬೇಕು. ನಮ್ಮ ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ಗೋಬಾಲ್ಡ್ ಮೋಟಾರ್ ಸರ್ವಿಸ್ ಮೊಕದ್ದಮೆಯಲ್ಲಿ ಇದನ್ನೇ ಅಂಗೀಕರಿಸಿತು. ಆ ಎರಡೂ ಮೊಕದ್ದಮೆಗಳು ಮರಣಕ್ಕೆ ಸಂಬಂಧಿಸಿದವಾದರೂ, ಗಾಯದ ವಿಷಯಕ್ಕೂ ಸೂತ್ರವು ಹೊಂದುತ್ತಿತ್ತು. ನೋವಿಗೆ ತಕ್ಕಡಿಯಿಲ್ಲ, ಆದ್ದರಿಂದ ಒಬ್ಬರ ಅಂದಾಜಿಗಿಂತ ಇನ್ನೊಬ್ಬರ ಅಂದಾಜು ಮೇಲೆನ್ನಲು ಆಧಾರವಿಲ್ಲ. ತರ್ಕವು ನಿರಾಕ್ಷೇಪವಾದುದು. ಆದರೆ ಅಂದಾಜು ಹೇಗೆ ಬಂದಿತೆಂಬುದನ್ನು ಬರೆದಿಡದ ತೀರ್ಪಿಗೆ ಇದು ಕೋಟೆಯಂತೆ ರಕ್ಷಣೆ ಕೊಡುತ್ತಿತ್ತೆಂಬುದನ್ನೂ ಹೇಳಲೇಬೇಕು.

ಅಂದಾಜಿನ ಸ್ಥಳಕ್ಕೆ ಲೆಕ್ಕವು ಬಂದಾಗ ಈ ಕೋಟೆ ಬಿರಿಯಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿಯನ್ನು ಸ್ಥಿರಪಡಿಸಿತು. 2010ರಲ್ಲಿ, ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಬರೆದ ತೀರ್ಪು ಅಂಗವೈಕಲ್ಯವನ್ನೂ ಗಳಿಕೆಯ ನಷ್ಟವನ್ನೂ ಬೇರ್ಪಡಿಸಿತು. ಎಡಗೈಯನ್ನು ಕಳೆದುಕೊಂಡವನ ವೈಕಲ್ಯವು ಸುಮಾರು ಶೇಕಡ 60 ಎನ್ನೋಣ. ಅವನು ಬಡಗಿಯೋ ಚಾಲಕನೋ ಆಗಿದ್ದರೆ ಗಳಿಕೆಯ ನಷ್ಟವು ಹೆಚ್ಚುಕಡಮೆ ಶೇಕಡ 100. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸವೇ ಹೋಗದಿರಬಹುದು. ಒಂದು ಅಂಗಕ್ಕೆ ವೈದ್ಯರು ಹೇಳಿದ ಪ್ರಮಾಣವನ್ನು ಇಡೀ ದೇಹದ ಪ್ರಮಾಣವೆಂದು ಎಣಿಸುವುದೂ ತಪ್ಪೆಂದು ಆ ತೀರ್ಪು ಎಚ್ಚರಿಸಿತು. ಎಂದರೆ ದೋಷವು ಎರಡು ಕಡೆಗೂ ಆಗಬಹುದು.

ಬಡಗಿಯ ಉದಾಹರಣೆಯನ್ನೇ ಮುಂದುವರಿಸೋಣ. ವಯಸ್ಸು 35, ತಿಂಗಳ ವರಮಾನ 12,000 ರೂಪಾಯಿ, ಗುಣಕ 16. ನಷ್ಟವನ್ನು ಶೇಕಡ 60 ಎಂದು ಹಿಡಿದರೆ 13,82,400 ರೂಪಾಯಿ. ಶೇಕಡ 100 ಎಂದು ಹಿಡಿದರೆ 23,04,000 ರೂಪಾಯಿ. (ಮುಂದಿನ ವರಮಾನದ ಏರಿಕೆಯನ್ನು ಇಲ್ಲಿ ಸೇರಿಸಿಲ್ಲ.) ಮಂಡಳಿಯು ಮೊದಲನೆಯದನ್ನು ಕೊಟ್ಟಿದ್ದರೆ, ಮೇಲ್ಮನವಿಯಲ್ಲಿ ಗಾಯಾಳು ಕನಿಕರವನ್ನು ಬೇಡಬೇಕಾಗಿಲ್ಲ, ತತ್ತ್ವದಲ್ಲಿಯೇ ತಪ್ಪಾಯಿತೆಂದು ತೋರಿಸಬಹುದು. 1961ರ ಸೂತ್ರವು ರದ್ದಾಗಲಿಲ್ಲ. ‘ತಪ್ಪು ತತ್ತ್ವ’ವೆಂಬ ಮಾತಿನ ಒಳಗೆ ಹಿಡಿಯುವ ವಿಷಯಗಳು ಹೆಚ್ಚಿದುವು. ನೋವು, ಬಾಳಿನ ಸುಖಹಾನಿ ಮೊದಲಾದ ಬಾಬುಗಳಲ್ಲಿ ಮಾತ್ರ ಹಳೆಯ ಅಂದಾಜೇ ಉಳಿದಿದೆ.

ಈಗ ಜಾರಿಯಲ್ಲಿರುವುದು 1988ರ ಅಧಿನಿಯಮದ 173ನೆಯ ಕಲಮು. ಅವಧಿಯು ತೊಂಬತ್ತು ದಿನಗಳೇ. ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು. ಹಣ ಕೊಡಬೇಕಾದವರು ಮೇಲ್ಮನವಿ ಹೂಡುವುದಾದರೆ 25,000 ರೂಪಾಯಿ ಅಥವಾ ತೀರ್ಪಿನ ಮೊತ್ತದ ಅರ್ಧ, ಇವುಗಳಲ್ಲಿ ಕಡಮೆಯಾದುದನ್ನು ಮೊದಲು ಠೇವಣಿಯಿಡಬೇಕು. ಆದರೆ ಮೇಲ್ಮನವಿಯಲ್ಲಿ ವಿವಾದಕ್ಕೊಳಗಾದ ಮೊತ್ತದ ಕನಿಷ್ಠ ಮಿತಿಯನ್ನು 2019ರ ತಿದ್ದುಪಡಿಯು 10,000ದಿಂದ ಒಂದು ಲಕ್ಷ ರೂಪಾಯಿಗೆ ಏರಿಸಿತು. ಮೊಕದ್ದಮೆಗಳ ಹೊರೆ ಇಳಿಯುವುದೇನೋ ನಿಜ. 80,000 ರೂಪಾಯಿ ಕಡಮೆಯಾಯಿತೆಂದು ಕೊರಗುವ ಕೂಲಿಯವನಿಗೆ ಅದು ಹಲವು ತಿಂಗಳ ಅನ್ನವೆಂಬುದೂ ನಿಜ. ಈ ಮಿತಿಯು ವಿಮಾ ಕಂಪನಿಗೂ ಅವನಿಗೂ ಒಂದೇ ಆದರೂ, ತಾಗುವ ಪೆಟ್ಟು ಒಂದೇ ಅಲ್ಲವೆಂದು ನನ್ನ ಅಭಿಪ್ರಾಯ.

ಇನ್ನೊಂದು ತೊಡಕು ಉಳಿಯುತ್ತದೆ. ವಿಮಾ ಕಂಪನಿಯು ಮೊತ್ತವನ್ನು ತಗ್ಗಿಸಬೇಕೆಂದು ಮೇಲ್ಮನವಿ ಹೂಡಿದೆ. ಗಾಯಾಳು ತಾನಾಗಿ ಮೇಲ್ಮನವಿಯನ್ನೂ ಹೂಡಿಲ್ಲ, ಪ್ರತಿ-ಆಕ್ಷೇಪಣೆಯನ್ನೂ ಸಲ್ಲಿಸಿಲ್ಲ. ಆಗ ಅವನಿಗೆ ಹೆಚ್ಚಿನ ಹಣ ದೊರೆಯಬಹುದೆ? ಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿತು: ಅವನು ಬಂದಷ್ಟನ್ನು ಸಮರ್ಥಿಸಿಕೊಳ್ಳಬಹುದು, ಅದಕ್ಕಿಂತ ಮೇಲೆ ಕೇಳಲಾಗದು. 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಸಂತ್ರಸ್ತರು ಮೇಲ್ಮನವಿ ಹೂಡಲಿಲ್ಲವೆಂಬ ತಾಂತ್ರಿಕ ಕಾರಣಕ್ಕಾಗಿ ನ್ಯಾಯವಾದ ಮೊತ್ತವನ್ನು ನಿರಾಕರಿಸಕೂಡದೆಂದಿತು. ಕಂಪನಿಯ ಮೇಲ್ಮನವಿಯ ನೋಟೀಸು ಕೈಗೆ ಬಂದ ಒಂದು ತಿಂಗಳೊಳಗೆ ಪ್ರತಿ-ಆಕ್ಷೇಪಣೆಯನ್ನು ಸಲ್ಲಿಸಿದವನಿಗೆ ಈ ತೊಡಕೇ ಇಲ್ಲ. ಆದರೆ ಹಾಸಿಗೆ ಹಿಡಿದವನಿಗೆ ಆ ತಿಂಗಳ ಗಡುವನ್ನು ತಿಳಿಸುವವರು ಯಾರು ಎಂಬುದಕ್ಕೆ ಅಧಿನಿಯಮದಲ್ಲಿ ಉತ್ತರವಿಲ್ಲ.