ಮೈಮರೆಸುವ ಆಟ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಲವು ಮನೆಗಳಲ್ಲಿ ಸಂಜೆಯಾದೊಡನೆ ಒಂದು ಕೂಗು ಕೇಳಿಬರುವುದುಂಟು: “ತಮ್ಮಾ, ರೊಟ್ಟಿ ಆರಾಕತ್ತಾವ, ಊಟಕ್ಕ ಬಾರೋ!” ಮೂರು ಸಲ ಕರೆದರೂ ಮಗನಿಗೆ ಕೇಳಿಸದು. ದೇಹ ಪಡಸಾಲೆಯಲ್ಲಿ, ಮನಸ್ಸು ಮಾತ್ರ ಅಂಗೈಯಗಲದ ಮೊಬೈಲಿನ ಕಾಳಗದಲ್ಲಿ. ಚಿತ್ರಗಳ ಥಳಕೇ ಹುಡುಗನನ್ನು ಕೆಡಿಸಿತೆಂದು ತಂದೆಯ ಗೊಣಗಾಟ.

ಆದರೆ ಮೈಮರೆಯುವುದು ಈ ಸೀಮೆಗೆ ಹೊಸತಲ್ಲ. ಶ್ರೀಕೃಷ್ಣ ಪಾರಿಜಾತ ನೋಡುತ್ತ ಬೆಳಗು ಮಾಡಿದವರೂ, ಗುಡಿಯ ಕಟ್ಟೆಯಲ್ಲಿ ಚೌಕಾಬಾರವಾಡುತ್ತ ಹೊತ್ತು ಮರೆತವರೂ ಹಿರಿಯರೇ ಅಲ್ಲವೆ? ನಾಲ್ಕು ಕವಡೆ, 25 ಮನೆಗಳ ಆ ಆಟದಲ್ಲಿ ಥಳಕೆಲ್ಲಿತ್ತು? ಹಣ್ಣಾಗಲಿದ್ದ ಕಾಯಿ ಹೊಡೆತಕ್ಕೆ ಸಿಕ್ಕಿದಾಗ ಎದೆ ಧಸಕ್ಕೆನ್ನಲು ಅಷ್ಟೇ ಸಾಕಾಗಿತ್ತು.

ಜಪಾನಿನ ತೊಮೊಹಿರೊ ನಿಶಿಕಾಡೊ 1978ರಲ್ಲಿ ರಚಿಸಿದ ‘ಸ್ಪೇಸ್ ಇನ್‌ವೇಡರ್ಸ್’ ಆಟದ ಚಿತ್ರಗಳೂ ತೀರ ಒರಟು. ಶತ್ರುಗಳು ಕಡಿಮೆಯಾದಂತೆ ಉಳಿದವರ ನಡೆ ಚುರುಕಾಗುವುದು. ಜತೆಗೆ ನಾಲ್ಕೇ ಸ್ವರಗಳ ನಾದವೂ ತೀವ್ರವಾಗುವುದು. ಆಡುವವನು ತನ್ನನ್ನು ತಾನೇ ಮರೆಯುತ್ತಿದ್ದ. ಕೆಲಸ ತೀರ ಸುಲಭವಾದರೆ ಬೇಸರ, ತೀರ ಕಠಿಣವಾದರೆ ಕಳವಳ. ಕೌಶಲಕ್ಕೆ ಸರಿದೂಗಿದರೆ ಕಾಲದ ಪರಿವೆಯೇ ಇರದು. ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1975ರಲ್ಲಿ ತಮ್ಮ ಗ್ರಂಥದಲ್ಲಿ ವಿವರಿಸಿದ್ದು ಇದನ್ನೇ.

ಆದರೆ ಎಲ್ಲರನ್ನೂ ಸೆಳೆಯುವುದು ಒಂದೇ ಸಂಗತಿಯಲ್ಲ. ಬರಿಯ ಅಕ್ಷರಗಳಿಂದಲೇ ನಡೆಯುವ ಕಂಪ್ಯೂಟರ್ ಆಟಗಳ ಆಟಗಾರರಲ್ಲಿ ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ 1996ರಲ್ಲಿ ನಾಲ್ಕು ಬಗೆಯವರನ್ನು ಗುರುತಿಸಿದರು. ಒಬ್ಬನಿಗೆ ಗೆಲುವಿನ ಅಂಕಗಳು ಬೇಕು; ಒಬ್ಬನಿಗೆ ಕಾಣದ ಮೂಲೆಗಳ ಶೋಧನೆ; ಮತ್ತೊಬ್ಬನಿಗೆ ಗೆಳೆಯರ ಸಂಗ; ಇನ್ನೊಬ್ಬನಿಗೆ ಎದುರಾಳಿಯನ್ನು ಮಣಿಸುವ ಹುರುಪು.

ಈ ಭೇದವನ್ನು ಅರಿಯುವುದು ತಂದೆತಾಯಿಗಳಿಗೆ ಅಗತ್ಯ. ಗೆಳೆಯರೊಡನೆ ತಂಡ ಕಟ್ಟಿ ಆಡುವ ಹುಡುಗನ ಕೈಯಿಂದ ಮೊಬೈಲು ಕಸಿದರೆ, ಅವನ ಪಾಲಿಗೆ ಅದು ಗೆಳೆಯರನ್ನು ನಡುದಾರಿಯಲ್ಲಿ ಕೈಬಿಟ್ಟಂತೆ. “ಈ ಆಟ ಮುಗಿದೊಡನೆ ಏಳು” ಎಂಬ ಮಾತಿಗೆ ಅವನು ಒಪ್ಪಿಯಾನು.

ಹಾಗೆಂದು ಉದಾಸೀನವೂ ಸಲ್ಲದು. ಆಟದ ಮೇಲೆ ಹತೋಟಿ ತಪ್ಪಿ, ಓದು ನಿದ್ರೆಗಳು ಹಿಂದೆ ಬಿದ್ದು, ಹಾನಿ ಕಂಡರೂ ಬಿಡಲಾಗದ ಸ್ಥಿತಿ ಬಹುಕಾಲ ಮುಂದುವರಿದರೆ ಅದು ವ್ಯಾಧಿಯೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದೆ. ಇಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಚಿಕಿತ್ಸಾಲಯ ತೆರೆಯಿತು.

ಅಲ್ಲಿಯವರೆಗೆ ಹೋಗದಂತೆ ತಡೆಯುವ ದಾರಿ ಮನೆಯಲ್ಲೇ ಇದೆ. ತಾಯಿ ಒಮ್ಮೆ ಪಕ್ಕದಲ್ಲಿ ಕುಳಿತು, “ಇದರಾಗ ನಿನಗ ಏನು ಚಂದ ಕಾಣತೈತಿ, ತಮ್ಮಾ?” ಎಂದು ಕೇಳಿದರೆ, ಮಗ ತಲೆಯೆತ್ತಿ ನೋಡುತ್ತಾನೆ. ಆಮೇಲೆ ರೊಟ್ಟಿಯೂ ಆರಲಾರದು.